ಕಟ್ಟಡ ನೋಡಬೇಡಿ, ವಾರ್ಡ್ ನೋಡಿ

ಪ್ಲಸ್ ಟು ಫಲಿತಾಂಶ ಬಂದ ಮೇಲೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮನೆಗಳಲ್ಲಿ ನರ್ಸಿಂಗಿನ ಮಾತು ಬಂದೇ ಬರುತ್ತದೆ. ಕೆಲಸ ಸಿಗುವ ಓದು, ಹೊರದೇಶಕ್ಕೂ ದಾರಿ ತೆರೆಯುವ ಓದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಗೊಂದಲ ಇರುವುದು ಎಲ್ಲಿಗೆ ಕಳಿಸುವುದು, ಯಾವ ಕೋರ್ಸಿಗೆ ಸೇರಿಸುವುದು ಎಂಬುದರಲ್ಲಿ. ತಲಪಾಡಿ ದಾಟಿದರೆ ಮಂಗಳೂರು, ದೇರಳಕಟ್ಟೆ. ಅಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ದಕ್ಷಿಣಕ್ಕೆ ಹೊರಟರೆ ಪರಿಯಾರಂ, ಕೋಝಿಕ್ಕೋಡ್, ತೃಶ್ಶೂರ್, ಕೊಚ್ಚಿ, ಕೊನೆಗೆ ತಿರುವನಂತಪುರ. ಮಾವೇಲಿ ಅಥವಾ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದಿಡೀ ರಾತ್ರಿಯ ಪಯಣ. 2023ರ ಏಪ್ರಿಲ್‌ನಿಂದ ವಂದೇ ಭಾರತ್ ಓಡುತ್ತಿದೆಯಾದರೂ ಎಂಟು ತಾಸು ಬೇಕೇ ಬೇಕು. ಅಷ್ಟು ದೂರ ಮಕ್ಕಳನ್ನು ಕಳಿಸಬೇಕೇ ಎಂದು ಮನೆಯವರು ಕೇಳುವುದು ಸಹಜ.

ಊರು ಯಾವುದೇ ಆಗಲಿ, ಆರಿಸುವಾಗ ಕಾಲೇಜಿನ ಕಟ್ಟಡವನ್ನೂ ಹಾಸ್ಟೆಲಿನ ಫೋಟೋವನ್ನೂ ಬದಿಗಿಟ್ಟು ಆ ಕಾಲೇಜಿನ ಮಕ್ಕಳು ಕಲಿಯುವ ಆಸ್ಪತ್ರೆಯನ್ನು ನೋಡಬೇಕು. ನರ್ಸ್ ತಯಾರಾಗುವುದು ವಾರ್ಡಿನಲ್ಲಿ. ಕ್ಲಾಸಿನಲ್ಲಿ ಓದಿದ್ದು ಅದಕ್ಕೆ ಬೇಕಾದ ಸಿದ್ಧತೆ ಅಷ್ಟೆ.

ಎರಡು ದಾರಿ, ಒಂದೇ ನೋಂದಣಿ

ಮೊದಲು ಕೋರ್ಸುಗಳ ವಿಷಯ. ಎ.ಎನ್.ಎಂ. (ಆಕ್ಸಿಲಿಯರಿ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಎರಡು ವರ್ಷದ್ದು, ಅದನ್ನು ಮುಗಿಸಿದವರು ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಾಯಿ-ಮಕ್ಕಳ ಆರೋಗ್ಯದ ಕೆಲಸ ಮಾಡುತ್ತಾರೆ, ಆದರೆ ನೋಂದಾಯಿತ ನರ್ಸ್ ಆಗುವುದಿಲ್ಲ. ನೋಂದಾಯಿತ ನರ್ಸ್ ಆಗಬೇಕಾದರೆ ಎರಡು ದಾರಿ. ಒಂದು ಜಿ.ಎನ್.ಎಂ. (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ), ಮೂರು ವರ್ಷದ ಡಿಪ್ಲೊಮಾ. ಇನ್ನೊಂದು ಬಿ.ಎಸ್ಸಿ. ನರ್ಸಿಂಗ್, ನಾಲ್ಕು ವರ್ಷದ ಪದವಿ, ಎಂಟು ಸೆಮಿಸ್ಟರ್. ಎರಡರಲ್ಲಿ ಯಾವುದನ್ನು ಮುಗಿಸಿದರೂ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಸಿಗುವ ನೋಂದಣಿ ಒಂದೇ: ನರ್ಸ್ ಮತ್ತು ಮಿಡ್‌ವೈಫ್.

ಜಿ.ಎನ್.ಎಂ. ಎಂದರೆ ಕಡಿಮೆ ದರ್ಜೆಯ ಓದು ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕರ್ನಾಟಕ, ಕೇರಳ ಎರಡೂ ಕಡೆ ಸರ್ಕಾರಿ ಆಸ್ಪತ್ರೆಗಳ ಭಾರ ಹೊತ್ತ ಎಷ್ಟೋ ಹಿರಿಯ ಸಿಸ್ಟರ್‌ಗಳು ಜಿ.ಎನ್.ಎಂ. ಓದಿ ಬಂದವರು. ಅದನ್ನು ಮುಗಿಸಿದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿ ಪದವಿಗೂ ಏರಬಹುದು, ಅಲ್ಲಿಂದ ಎಂ.ಎಸ್ಸಿ.ಗೂ ಹೋಗಬಹುದು. ಮನೆಯ ಕೈ ಬಿಗಿಯಾಗಿದ್ದು ಬೇಗ ಸಂಬಳ ಬರಬೇಕು ಅನ್ನುವವರಿಗೆ ಒಳ್ಳೆಯ ಸರ್ಕಾರಿ ಶಾಲೆಯ ಜಿ.ಎನ್.ಎಂ. ಸೀಟು, ಹೆಸರಿಲ್ಲದ ಖಾಸಗಿ ಕಾಲೇಜಿನ ಬಿ.ಎಸ್ಸಿ.ಗಿಂತ ಎಷ್ಟೋ ವಾಸಿ. ಆದರೆ ಮುಂದೆ ಪಾಠ ಹೇಳುವ ಆಸೆಯೋ ಹೊರದೇಶದ ಯೋಚನೆಯೋ ಇದ್ದು, ನಾಲ್ಕು ವರ್ಷ ಓದಿಸುವ ಶಕ್ತಿಯೂ ಇದ್ದರೆ ಬಿ.ಎಸ್ಸಿ.ಯೇ ಸರಿ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೂ ಈ ಎರಡು ದಾರಿಯ ಕತೆ ಗೊತ್ತಿರುತ್ತದೆ. ಅಲ್ಲಿನ ಕಮ್ಯೂನಿಟಿ ಕಾಲೇಜುಗಳಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿ ಎನ್‌ಕ್ಲೆಕ್ಸ್ ಎಂಬ ಪರವಾನಗಿ ಪರೀಕ್ಷೆಯಲ್ಲಿ ಪಾಸಾದರೆ ಆರ್.ಎನ್., ಅಂದರೆ ನೋಂದಾಯಿತ ನರ್ಸ್ ಆಗುತ್ತಾರೆ. ನಾಲ್ಕು ವರ್ಷ ಓದಿದವರು ಬರೆಯುವುದೂ ಅದೇ ಪರೀಕ್ಷೆ. ಎರಡನೇ ಮಹಾಯುದ್ಧದ ನಂತರ ನರ್ಸುಗಳ ಕೊರತೆ ಬಿಗಡಾಯಿಸಿದಾಗ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮೊಂಟಾಗ್ ಈ ಎರಡು ವರ್ಷದ ಶಿಕ್ಷಣದ ಕಲ್ಪನೆ ಮುಂದಿಟ್ಟರು. 1952ರಲ್ಲಿ ಅದರ ಪ್ರಯೋಗ ಶುರುವಾಯಿತು. ಕಾಗದದ ಮೇಲೆ ಎರಡು ವರ್ಷ ಅಂತಿದ್ದರೂ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಮೊದಲೇ ಓದಿ ಮುಗಿಸಬೇಕಾಗುವುದರಿಂದ ಮೂರು ವರ್ಷವೇ ಹಿಡಿಯುವುದುಂಟು. ಗಂಡನ ಕೆಲಸದ ವೀಸಾದ ಮೇಲೆ ಹೋಗಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಈ ದಾರಿ ಹಿಡಿಯಬೇಕೆನ್ನುವವರು ಒಂದು ವಿಷಯ ನೆನಪಿಡಬೇಕು: ಅವಲಂಬಿತರ ವೀಸಾದಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ, ಕೆಲಸಕ್ಕೆ ಮಾತ್ರ ಬೇರೆ ಅನುಮತಿ ಬೇಕು. ಕಾಲೇಜಿನ ಶುಲ್ಕ ಕಟ್ಟುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಸೀಟು ಸಿಗುವ ಬಗೆ

ಬಿ.ಎಸ್ಸಿ. ನರ್ಸಿಂಗಿಗೆ ಪ್ಲಸ್ ಟು ಅಥವಾ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಇಷ್ಟು ಅಂಕ ಬೇಕೇ ಬೇಕು ಎಂಬ ಮಿತಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದನ್ನು ಆ ವರ್ಷದ ಪ್ರಾಸ್ಪೆಕ್ಟಸ್ಸಿನಲ್ಲೇ ನೋಡಿಕೊಳ್ಳಬೇಕು. ಹತ್ತನೆಯ ತರಗತಿ ಮುಗಿಸಿ ಗ್ರೂಪ್ ಆರಿಸುವ ಮಕ್ಕಳಿಗೆ ಇದು ಮುಖ್ಯ: ಜೀವಶಾಸ್ತ್ರ ಬಿಟ್ಟರೆ ಬಿ.ಎಸ್ಸಿ. ನರ್ಸಿಂಗಿನ ಬಾಗಿಲು ಮುಚ್ಚಿದ ಹಾಗೆಯೇ. ಜಿ.ಎನ್.ಎಂ.ಗೆ ರಾಷ್ಟ್ರೀಯ ನಿಯಮದಲ್ಲಿ ಯಾವ ವಿಭಾಗದವರಾದರೂ ಆಗಬಹುದು, ಇಂಗ್ಲಿಷ್ ಇರಬೇಕು.

ಕೇರಳದಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜುಗಳ ಸೀಟನ್ನೂ ಖಾಸಗಿ ಕಾಲೇಜುಗಳ ಸರ್ಕಾರಿ ಪಾಲಿನ ಸೀಟನ್ನೂ ಹಂಚುವುದು ತಿರುವನಂತಪುರದ ಎಲ್.ಬಿ.ಎಸ್. ಸೆಂಟರ್. ಇದುವರೆಗೆ ನಡೆದು ಬಂದಿರುವುದು ಪ್ಲಸ್ ಟು ವಿಜ್ಞಾನ ವಿಷಯಗಳ ಅಂಕದ ಮೇಲಿನ ರ‍್ಯಾಂಕು. ಒಂದೇ ಅರ್ಜಿ, ಆನ್‌ಲೈನ್ ಆಯ್ಕೆ, ಹಲವು ಸುತ್ತಿನ ಅಲಾಟ್‌ಮೆಂಟ್. ಖಾಸಗಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟಿಗೆ ಅವರವರ ಒಕ್ಕೂಟದಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಪದವಿ ಕೊಡುವುದು ತೃಶ್ಶೂರಿನಲ್ಲಿರುವ ಕೇರಳ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಆಯ್ಕೆಯ ಪಟ್ಟಿ ತುಂಬುವಾಗ ಮಕ್ಕಳು ಹತ್ತಿರದ ಮೂರು ಕಾಲೇಜು ಬರೆದು ಬಿಟ್ಟುಬಿಡುತ್ತಾರೆ. ದೂರದ ಸರ್ಕಾರಿ ಕಾಲೇಜುಗಳನ್ನೂ ಹತ್ತಿರದ ಖಾಸಗಿಗಿಂತ ಮೇಲೆ ಬರೆಯಿರಿ. ಶುಲ್ಕದಲ್ಲಿ ಆಗುವ ಉಳಿತಾಯ ನಾಲ್ಕು ವರ್ಷದ ರೈಲು ಖರ್ಚನ್ನು ದಾಟಿ ಹೋಗುತ್ತದೆ. 2023ರಲ್ಲಿ ರಾಜ್ಯದಲ್ಲಿ ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳು ಮಂಜೂರಾದಾಗ ಕಾಸರಗೋಡಿಗೂ ಒಂದು ದಕ್ಕಿತು. ಅದನ್ನೂ ಪಟ್ಟಿಯಲ್ಲಿ ಸೇರಿಸಿ.

ಕರ್ನಾಟಕದಲ್ಲಿ 2023ರಿಂದ ಸರ್ಕಾರಿ ಪಾಲಿನ ಬಿ.ಎಸ್ಸಿ. ನರ್ಸಿಂಗ್ ಸೀಟು ಸಾಮಾನ್ಯ ಪ್ರವೇಶ ಪರೀಕ್ಷೆ (ಸಿ.ಇ.ಟಿ.) ಮೂಲಕ. ಇಲ್ಲಿ ಗಡಿನಾಡಿನ ಮಕ್ಕಳು ತಿಳಿದಿರಬೇಕಾದ ಒಂದು ಸಂಗತಿಯಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತೆಯ ನಿಯಮಗಳಲ್ಲಿ ಗಡಿನಾಡು ಕನ್ನಡಿಗರು, ಹೊರನಾಡು ಕನ್ನಡಿಗರು ಎಂಬ ವಿಭಾಗಗಳಿವೆ. ಸಾಮಾನ್ಯವಾಗಿ ಕೇಳುವಂತೆ ಕರ್ನಾಟಕದಲ್ಲಿ ಏಳು ವರ್ಷ ಓದಿರದಿದ್ದರೂ ಆ ವಿಭಾಗಗಳಲ್ಲಿ ಅರ್ಜಿ ಹಾಕಬಹುದು, ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಅದು ನೀರು ಕುಡಿದಷ್ಟು ಸುಲಭ. ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಯಾವ ತಾಲೂಕು, ಯಾವ ಕೋರ್ಸು, ಯಾವ ದಾಖಲೆ ಎಂಬುದನ್ನು ಸಾಲು ಸಾಲಾಗಿ ಓದಿ ಅರ್ಜಿ ತುಂಬಿ.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಸೇನೆಯದು. ಮಿಲಿಟರಿ ನರ್ಸಿಂಗ್ ಸರ್ವಿಸಿನ ಬಿ.ಎಸ್ಸಿ.ಗೆ ನೀಟ್ ಅಂಕ ಬೇಕು. ಆ ಕಾಲೇಜುಗಳಲ್ಲಿ ಒಂದು ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿದೆ.

ಉಳ್ಳೂರಿನ ತಿರುವು

ಆಸ್ಪತ್ರೆ ನೋಡಿ ಆರಿಸಿ ಎಂದೆನಲ್ಲ, ಅದಕ್ಕೊಂದು ಉದಾಹರಣೆ ಕೊಡುತ್ತೇನೆ. ತಿರುವನಂತಪುರದಲ್ಲಿ ಕೇಶವದಾಸಪುರದಿಂದ ಶ್ರೀಕಾರ್ಯದ ಕಡೆ ಹೋಗುವ ದಾರಿಯಲ್ಲಿ ಉಳ್ಳೂರು ಜಂಕ್ಷನ್. ಅಲ್ಲಿಂದ ತಿರುಗಿದರೆ ಮೆಡಿಕಲ್ ಕಾಲೇಜು. 1951ರಲ್ಲಿ ಶುರುವಾದ ಇದು ಕೇರಳದ ಮೊದಲ ವೈದ್ಯಕೀಯ ಕಾಲೇಜು. ಅದೇ ಆವರಣದಲ್ಲಿ, ಅದರ ಆಸುಪಾಸಿನಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜು, ಹೆರಿಗೆಗೂ ಮಕ್ಕಳಿಗೂ ಮೀಸಲಾದ ಎಸ್.ಎ.ಟಿ. ಆಸ್ಪತ್ರೆ, ಕ್ಯಾನ್ಸರಿಗೆ ರೀಜನಲ್ ಕ್ಯಾನ್ಸರ್ ಸೆಂಟರ್, ಹೃದಯ ಮತ್ತು ನರರೋಗಕ್ಕೆ ಶ್ರೀ ಚಿತ್ರಾ ಸಂಸ್ಥೆ. ನಡೆದು ಮುಗಿಸಬಹುದಾದ ಜಾಗದೊಳಗೆ ಇಷ್ಟೆಲ್ಲ. ರಸ್ತೆಯ ಎರಡೂ ಬದಿ ಔಷಧದಂಗಡಿ, ಲ್ಯಾಬ್, ಲಾಡ್ಜ್, ಗಂಜಿ-ಪಯರು ಸಿಗುವ ಊಟದ ಮನೆಗಳು. ದಿಂಬು, ಫ್ಲಾಸ್ಕು, ಬಕೆಟ್ಟು ಹಿಡಿದು ರೋಗಿಯ ಜೊತೆಗೆ ಬಂದ ಮನೆಯವರು ಬೆಳಗಾಗುವ ಮೊದಲೇ ಅಲ್ಲಿ ಓಡಾಡುತ್ತಿರುತ್ತಾರೆ.

ಇಂಥ ಕಡೆ ಕಲಿಯುವ ಹುಡುಗಿ ಬೈಕ್ ಅಪಘಾತ, ಹಾವಿನ ಕಡಿತ, ಡೆಂಗಿ, ಇಲಿಜ್ವರ, ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲು, ತಿಂಗಳು ತುಂಬದೆ ಹುಟ್ಟಿದ ಕೂಸು ಎಲ್ಲವನ್ನೂ ಕಣ್ಣಾರೆ ನೋಡುತ್ತಾಳೆ. ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ತೊಂದರೆಗಳೂ ಉಂಟು: ಜನಜಂಗುಳಿ, ನೆಲದ ಮೇಲೂ ರೋಗಿಗಳು, ನರ್ಸುಗಳ ಕೊರತೆ. ಆದರೂ ಕೈ ಪಳಗುವುದು ಅಲ್ಲಿಯೇ.

ಎಲ್ಲರಿಗೂ ಉಳ್ಳೂರಿನ ಸೀಟು ಸಿಗುವುದಿಲ್ಲ. ಹಾಗಾಗಿ ನೀವು ನೋಡುತ್ತಿರುವ ಕಾಲೇಜಿಗೆ ಇದೇ ಅಳತೆಗೋಲು ಹಿಡಿಯಿರಿ. ಭಾರತೀಯ ನರ್ಸಿಂಗ್ ಕೌನ್ಸಿಲಿನ ನಿಯಮದ ಪ್ರಕಾರ ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಯ ತನ್ನದೇ ಆಸ್ಪತ್ರೆ ಇರಬೇಕು. ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳ ಲೆಕ್ಕ ಬೀಳಬೇಕು. ಕಾಗದದಲ್ಲಿ ಎಲ್ಲರದ್ದೂ ಸರಿಯಾಗಿರುತ್ತದೆ. ಹಾಸಿಗೆ ಇರುವುದು ಬೇರೆ, ಹಾಸಿಗೆಯ ಮೇಲೆ ರೋಗಿ ಇರುವುದು ಬೇರೆ. ಹಾಗಾಗಿ ಕಾಲೇಜಿನ ಆಫೀಸಿಗೆ ಹೋಗುವ ಮೊದಲು ವಾರದ ನಡುವಿನ ಒಂದು ದಿನ ಬೆಳಗ್ಗೆ ಒಂಬತ್ತರ ಹೊತ್ತಿಗೆ ಆ ಆಸ್ಪತ್ರೆಯ ಒ.ಪಿ.ಯಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಟೋಕನ್ ಕೌಂಟರಿನಲ್ಲಿ ಸಾಲು ಇದೆಯೇ? ಕ್ಯಾಶುವಾಲ್ಟಿಗೆ ಆಂಬುಲೆನ್ಸ್ ಬರುತ್ತದೆಯೇ? ಸಂಜೆ ರೋಗಿ ನೋಡುವ ಹೊತ್ತಿನಲ್ಲಿ ವಾರ್ಡಿನ ಕಿಟಕಿಗಳಲ್ಲಿ ದೀಪ ಉರಿಯುತ್ತಿದೆಯೇ?

ಆಮೇಲೆ ಬಸ್ ಸ್ಟಾಪಿನಲ್ಲೋ ಕ್ಯಾಂಟೀನಿನಲ್ಲೋ ಎರಡನೇ, ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಆಫೀಸಿನವರು ಹೇಳದ್ದನ್ನು ಅವರು ಹೇಳುತ್ತಾರೆ. ಹೆರಿಗೆ ಪೋಸ್ಟಿಂಗ್ ಎಲ್ಲಿ, ಲೇಬರ್ ರೂಮಿನಲ್ಲಿ ಹೆರಿಗೆ ನಡೆಯುತ್ತದೆಯೇ, ಮಾನಸಿಕ ರೋಗಿಗಳ ಪೋಸ್ಟಿಂಗಿಗೆ ಯಾವ ಊರಿಗೆ ಕಳಿಸುತ್ತಾರೆ, ಅದರ ಬಸ್ಸು-ಊಟದ ಖರ್ಚು ಯಾರದು, ಗುಂಪಿನ ಜೊತೆ ಟೀಚರ್ ಬರುತ್ತಾರೆಯೇ, ಅಥವಾ ಮಕ್ಕಳನ್ನು ವಾರ್ಡಿನಲ್ಲಿ ಬಿಟ್ಟು ಆಳಿನ ಕೆಲಸ ಮಾಡಿಸುತ್ತಾರೆಯೇ ಎಂದೆಲ್ಲ ಕೇಳಿ. ಕೊನೆಯ ಪ್ರಶ್ನೆಗೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ನಿಮಗೆ ಉತ್ತರ ಸಿಕ್ಕಂತೆ.

ಮಾನ್ಯತೆಯ ವಿಷಯದಲ್ಲಿ ಮೂರು ಕಾಗದ ನೋಡಬೇಕು: ರಾಜ್ಯ ನರ್ಸಿಂಗ್ ಕೌನ್ಸಿಲಿನ ಅನುಮತಿ, ವಿಶ್ವವಿದ್ಯಾಲಯದ ಸಂಯೋಜನೆ, ಭಾರತೀಯ ನರ್ಸಿಂಗ್ ಕೌನ್ಸಿಲಿನ ಪಟ್ಟಿಯಲ್ಲಿ ಹೆಸರು. ಒಂದು ರಾಜ್ಯದಲ್ಲಿ ಓದಿ ಇನ್ನೊಂದು ರಾಜ್ಯದಲ್ಲಿ ಕೆಲಸ ಮಾಡುವವರಿಗೆ ಮೂರನೆಯದು ಬಹಳ ಮುಖ್ಯ. ಕಾಲೇಜಿನವರು ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಿದ ಪ್ರತಿಯನ್ನು ನಂಬಬೇಡಿ, ಕೌನ್ಸಿಲಿನ ವೆಬ್‌ಸೈಟಿನಲ್ಲಿ ಈ ವರ್ಷದ ಪಟ್ಟಿ ತೆರೆದು ನೋಡಿ. ಸೀಟು ಮುಗಿಯುತ್ತಿದೆ, ಇವತ್ತೇ ಮುಂಗಡ ಕಟ್ಟಿ ಎಂದು ಫೋನ್ ಮಾಡುವ ಏಜೆಂಟರನ್ನು ದೂರವಿಡಿ. ಅವರ ಕಮಿಷನ್ ಬರುವುದು ನಿಮ್ಮ ಶುಲ್ಕದಿಂದಲೇ.

ಒಂದು ಡ್ರಿಪ್, ಒಂದು ಸಿರಿಂಜು

ಬಿ.ಎಸ್ಸಿ.ಯ ಮೊದಲ ಸೆಮಿಸ್ಟರಿನಲ್ಲಿ ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ಸೋಷಿಯಾಲಜಿ, ಇಂಗ್ಲಿಷ್, ಜೊತೆಗೆ ನರ್ಸಿಂಗ್ ಫೌಂಡೇಶನ್. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳು ಇಲ್ಲಿ ಕಂಗಾಲಾಗುತ್ತಾರೆ, ಅದರಲ್ಲೂ ಅನಾಟಮಿಯಲ್ಲಿ. ರಜೆಯಲ್ಲೇ ಮೂಳೆ, ಸ್ನಾಯು, ಹೃದಯದ ಭಾಗಗಳ ಇಂಗ್ಲಿಷ್ ಹೆಸರುಗಳನ್ನು ಚಿತ್ರದ ಜೊತೆ ಬರೆದು ಬಾಯಿಪಾಠ ಮಾಡಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ಹಾಜರಿ ಬಿಗಿ. ಪರೀಕ್ಷೆಗೆ ಕೂರಲು ಶೇಕಡಾ 80 ಬೇಕು, ಪದವಿ ಕೈಗೆ ಬರುವ ಮೊದಲು ಕ್ಲಿನಿಕಲ್ ಪೋಸ್ಟಿಂಗ್ ಶೇಕಡಾ 100 ಮುಗಿದಿರಬೇಕು. ಊರ ಜಾತ್ರೆಗೆಂದು ತಪ್ಪಿಸಿಕೊಂಡ ದಿನಗಳನ್ನು ರಜೆಯಲ್ಲಿ ವಾರ್ಡಿಗೆ ಹೋಗಿ ತುಂಬಿಕೊಡಲೇಬೇಕು.

ವಾರ್ಡಿನ ಕಲಿಕೆ ಹೇಗಿರುತ್ತದೆ ಎಂಬುದಕ್ಕೆ ಎರಡು ಉದಾಹರಣೆ. 500 ಮಿಲಿಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು ಎಂದು ಡಾಕ್ಟರ್ ಬರೆದಿದ್ದಾರೆ. ಪಂಪು ಇಲ್ಲದ ವಾರ್ಡಿನಲ್ಲಿ ಡ್ರಿಪ್ಪನ್ನು ಕೈಯಲ್ಲೇ ಹೊಂದಿಸಬೇಕು. ಸೆಟ್ಟಿನ ಕವರಿನ ಮೇಲೆ ಒಂದು ಮಿಲಿಲೀಟರಿಗೆ ಎಷ್ಟು ಹನಿ ಎಂದು ಅಚ್ಚಾಗಿರುತ್ತದೆ, 20 ಎಂದುಕೊಳ್ಳಿ. 500ನ್ನು 20ರಿಂದ ಗುಣಿಸಿದರೆ 10,000 ಹನಿ; ನಾಲ್ಕು ಗಂಟೆಗೆ 240 ನಿಮಿಷ; ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಸೆಕೆಂಡ್ ಮುಳ್ಳಿರುವ ಗಡಿಯಾರ ನೋಡುತ್ತ ಚೇಂಬರಿನಲ್ಲಿ ಬೀಳುವ ಹನಿ ಎಣಿಸಿ ರೆಗ್ಯುಲೇಟರ್ ತಿರುಗಿಸಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ರೋಗಿ ಕೈ ಮಡಚಿದರೆ ಹನಿ ನಿಲ್ಲುತ್ತದೆ, ಜೊತೆಯವರು ಬೇಗ ಮುಗಿಯಲಿ ಎಂದು ಚಕ್ರ ತಿರುಗಿಸಿಬಿಡುವುದೂ ಉಂಟು. ಹೃದಯ ಸೋತ ರೋಗಿಗೆ ಆ ನೀರು ಒಮ್ಮೆಲೇ ಹೋದರೆ ಶ್ವಾಸಕೋಶ ತುಂಬಿ ಉಸಿರು ಕಟ್ಟುತ್ತದೆ. ಹಾಗಾಗಿ ಒಳ್ಳೆಯ ಸಿಸ್ಟರ್ ಆ ಮಂಚದ ಪಕ್ಕ ಹಾದು ಹೋಗುವಾಗಲೆಲ್ಲ ಕಣ್ಣೆತ್ತಿ ಬಾಟಲಿ ನೋಡುತ್ತಾಳೆ.

ಇನ್ನೊಂದು ಇನ್ಸುಲಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯುನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯುನಿಟ್‌ನದೂ ಇದೆ, ಅದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 8 ಯುನಿಟ್ ಮಾತ್ರ. ತಿರುಗುಮುರುಗಾದರೆ 20ರ ಜಾಗದಲ್ಲಿ 50 ಹೋಗುತ್ತದೆ, ಸಕ್ಕರೆ ಕುಸಿದು ಜೀವಕ್ಕೇ ಕುತ್ತು. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಪಾಠವನ್ನು ಮೊದಲ ವರ್ಷದಿಂದ ತಲೆಗೆ ತುಂಬುವುದು ಇದಕ್ಕೇ. ಲೆಕ್ಕದಲ್ಲಿ ಹಿಂದೆ ಇರುವ ಮಕ್ಕಳು ಗುಣಾಕಾರ, ಭಾಗಾಕಾರ, ದಶಮಾಂಶವನ್ನು ಮತ್ತೆ ಗಟ್ಟಿ ಮಾಡಿಕೊಳ್ಳಬೇಕು.

ಭಾಷೆಯ ಬಗ್ಗೆ ಹೆದರಿಕೆ ಬೇಡ, ಉದಾಸೀನವೂ ಬೇಡ. ತಿರುವನಂತಪುರದ ಮಲಯಾಳದ ಓಟವೇ ಬೇರೆ. ಕಾಸರಗೋಡಿನ ಮಲಯಾಳ ಕೇಳಿ ಬೆಳೆದ ಮಕ್ಕಳಿಗೂ ಮೊದಲ ತಿಂಗಳು ತಡವರಿಕೆ ಇರುತ್ತದೆ. ಪನಿ (ಜ್ವರ), ವೇದನ (ನೋವು), ಛರ್ದಿ (ವಾಂತಿ), ತಲಕರಕ್ಕಂ (ತಲೆಸುತ್ತು), ಶ್ವಾಸಂಮುಟ್ಟ್ (ಉಸಿರಾಟದ ತೊಂದರೆ) ಮುಂತಾದ ಮಾತುಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳಿ. ವಯಸ್ಸಾದವರನ್ನು ಅಮ್ಮ, ಅಪ್ಪೂಪ್ಪ, ಚೇಚಿ, ಚೇಟ್ಟ ಎಂದು ಕರೆದು ಮಾತಾಡಿಸಿದರೆ ಅರ್ಧ ಕಾಯಿಲೆ ಅವರೇ ಹೇಳಿಬಿಡುತ್ತಾರೆ.

ವಾರ್ಡಿಗೆ ಕಾಲಿಡುವ ಮೊದಲು ಹೆಪಟೈಟಿಸ್-ಬಿ ಲಸಿಕೆ ಹಾಕಿಸಿಕೊಳ್ಳಿ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಂದರೆ ಪ್ರವೇಶ ಸಿಕ್ಕ ವಾರದಲ್ಲೇ ಶುರು ಮಾಡಬೇಕು. ಕೈಗೆ ಸೂಜಿ ಚುಚ್ಚಿದರೆ ಬೈಯುತ್ತಾರೆಂದು ಮುಚ್ಚಿಡಬೇಡಿ. ಸೋಪು ನೀರಿನಲ್ಲಿ ತೊಳೆದು ತಕ್ಷಣ ಹೇಳಿ, ಎಚ್.ಐ.ವಿ. ತಡೆಯುವ ಔಷಧ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು.

ದುಡ್ಡು ಮತ್ತು ದಾಖಲೆ

ಶುಲ್ಕ ಕೇಳುವಾಗ ಬೋಧನಾ ಶುಲ್ಕ ಮಾತ್ರ ಕೇಳಿ ಬರಬೇಡಿ. ಹಾಸ್ಟೆಲ್, ಮೆಸ್, ಯೂನಿಫಾರ್ಮ್, ಪರೀಕ್ಷೆ, ಪೋಸ್ಟಿಂಗಿನ ಪ್ರಯಾಣ, ರೆಕಾರ್ಡ್ ಪುಸ್ತಕ ಎಲ್ಲ ಸೇರಿಸಿ ನಾಲ್ಕು ವರ್ಷದ ಒಟ್ಟು ಮೊತ್ತವನ್ನು ಬರಹದಲ್ಲಿ ಕೊಡಿ ಎನ್ನಿ. ಕೊಡಲು ಹಿಂಜರಿದರೆ ಆ ಕಾಲೇಜು ಬೇಡ. ಬ್ಯಾಂಕಿನ ವಿದ್ಯಾ ಸಾಲಕ್ಕೆ 7.5 ಲಕ್ಷದವರೆಗೆ ಕೇಂದ್ರದ ಖಾತರಿ ಯೋಜನೆಯಿದೆ, ಅದರಡಿ ಜಮೀನು ಅಡವಿಡಬೇಕಾಗಿಲ್ಲ. ಆದರೆ ಮ್ಯಾನೇಜರ್ ಮೊದಲು ಕೇಳುವುದು ಕಾಲೇಜಿನ ಮಾನ್ಯತೆಯನ್ನೇ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ಮಕ್ಕಳು ಕೇರಳದಲ್ಲಿ ಇ-ಗ್ರಾಂಟ್ಸ್, ಕರ್ನಾಟಕದಲ್ಲಿ ಎಸ್.ಎಸ್.ಪಿ. ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಮರೆಯಬಾರದು.

ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವ ಹಾಗಿಲ್ಲ, ಯು.ಜಿ.ಸಿ. 2018ರಲ್ಲೇ ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಪರಿಶೀಲಿಸಿ ಹಿಂತಿರುಗಿಸಲಿ. ಓದು ಮುಗಿದ ಮೇಲೆ ಇಲ್ಲೇ ದುಡಿಯಬೇಕು ಎಂಬ ಬಾಂಡಿಗೆ ಓದದೆ ಸಹಿ ಹಾಕಬೇಡಿ.

ಕೋರ್ಸು ಮುಗಿದ ಕೂಡಲೇ ಮಾಡಬೇಕಾದ ಕೆಲಸ ನೋಂದಣಿ. ಓದಿದ ರಾಜ್ಯದ ಕೌನ್ಸಿಲಿನಲ್ಲಿ ಮೊದಲು. ಕರ್ನಾಟಕದಲ್ಲಿ ಓದಿ ಕೇರಳದಲ್ಲಿ ಕೆಲಸ ಮಾಡುವುದಾದರೆ ಕರ್ನಾಟಕದ ಕೌನ್ಸಿಲಿನಿಂದ ನಿರಾಕ್ಷೇಪಣಾ ಪತ್ರ ಪಡೆದು ತಿರುವನಂತಪುರದಲ್ಲಿರುವ ಕೇರಳ ನರ್ಸಸ್ ಅಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲಿ ಮತ್ತೆ ನೋಂದಾಯಿಸಬೇಕು. ಇದಕ್ಕೆ ತಿಂಗಳುಗಳೇ ಹಿಡಿಯಬಹುದು, ಕೆಲಸದ ಆದೇಶ ಬರುವವರೆಗೆ ಕಾಯಬೇಡಿ. ರಾಷ್ಟ್ರೀಯ ದಾಖಲೆಯ ಎನ್.ಯು.ಐ.ಡಿ. ಸಂಖ್ಯೆಯನ್ನೂ ಮಾಡಿಸಿಕೊಳ್ಳಿ. ಮಾರ್ಕ್ಸ್ ಕಾರ್ಡ್, ನೋಂದಣಿ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಕನ್ನಡ, ಮಲಯಾಳ, ಇಂಗ್ಲಿಷ್ ನಡುವೆ ಹೆಸರು ಬದಲಾಗುವ ನಮ್ಮ ಗಡಿನಾಡಿನ ಮಕ್ಕಳಿಗೆ ಕೊನೆಗೆ ಕಾಡುವುದು ಇದೇ.

ಸಂಬಳದ ಬಗ್ಗೆ ಒಂದು ಮಾತು. ಖಾಸಗಿ ಆಸ್ಪತ್ರೆಗಳ ನರ್ಸುಗಳ ದುಃಸ್ಥಿತಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟಿನ ಆದೇಶದಂತೆ ರಚನೆಯಾದ 2016ರ ಸಮಿತಿ 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ 20,000 ರೂಪಾಯಿಗೆ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನ ಸಮಕ್ಕೆ ಕೊಡಬೇಕು ಎಂದು ಶಿಫಾರಸು ಮಾಡಿತು. ನರ್ಸುಗಳು ಬೀದಿಗಿಳಿದು ಹೋರಾಡಿದ ಮೇಲೆ ಕೇರಳ 2018ರ ಏಪ್ರಿಲ್‌ನಲ್ಲಿ 20,000ದ ಕನಿಷ್ಠ ಮೂಲವೇತನದ ಅಧಿಸೂಚನೆ ಹೊರಡಿಸಿತು. ಕೆಲಸಕ್ಕೆ ಸೇರುವಾಗ ತರಬೇತಿ ಅವಧಿ ಎಂದು ಇದಕ್ಕಿಂತ ಕೆಳಗೆ ಒಪ್ಪಿಸಲು ನೋಡಿದರೆ ಈ ಅಂಕಿ ನಿಮ್ಮ ನಾಲಿಗೆಯ ತುದಿಯಲ್ಲಿರಲಿ.

ಕೊಚ್ಚಿಯಿಂದ ಆಚೆ

ಹೊರದೇಶದ ಆಸೆಯಿರುವವರು ಹೆಚ್ಚಾಗಿ ಕೊಚ್ಚಿಯ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಎರಡು ವರ್ಷ ಕೆಲಸ ಮಾಡಿ ಅನುಭವ ಪತ್ರ ಪಡೆಯುತ್ತಾರೆ. ಅದೇ ಊರಿನಲ್ಲಿ ಭಾಷಾ ತರಬೇತಿ, ಏಜೆನ್ಸಿಗಳ ಕಚೇರಿ, ವಿಮಾನ ಎಲ್ಲ. ಬ್ರಿಟನ್ನಿಗೆ ಇಂಗ್ಲಿಷ್ ಭಾಷಾ ಪರೀಕ್ಷೆಗಳಾದ ಐ.ಇ.ಎಲ್.ಟಿ.ಎಸ್. ಅಥವಾ ಒ.ಇ.ಟಿ., ಆಮೇಲೆ ಕಂಪ್ಯೂಟರ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೈಕೆಲಸದ ಪರೀಕ್ಷೆ. ಜರ್ಮನಿಗೆ ಜರ್ಮನ್ ಭಾಷೆಯ ಬಿ-1, ಬಿ-2 ಹಂತ. ಅಮೆರಿಕಕ್ಕೆ ಎನ್‌ಕ್ಲೆಕ್ಸ್; 85ರಿಂದ 150 ಪ್ರಶ್ನೆ, ಐದು ಗಂಟೆ, ಬೆಂಗಳೂರಿನಲ್ಲೂ ಕೇಂದ್ರವಿದೆ.

ಏಜೆಂಟರ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಲಕ್ಷಗಟ್ಟಲೆ ವಸೂಲಿ ಮಾಡಿದ ಹಗರಣಗಳ ನಂತರ 2015ರಲ್ಲಿ ಕೇಂದ್ರ ಸರ್ಕಾರ ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ನರ್ಸುಗಳ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ಒಪ್ಪಿಸಿತು. ಕೇರಳದಲ್ಲಿ ರಾಜ್ಯ ಸರ್ಕಾರದ ನೋರ್ಕಾ ರೂಟ್ಸ್, ಒಡೆಪೆಕ್ ಇದೇ ಕೆಲಸ ಮಾಡುತ್ತವೆ. ನೋರ್ಕಾ 2021ರ ಕೊನೆಯಲ್ಲಿ ಜರ್ಮನಿಯ ಉದ್ಯೋಗ ಸಂಸ್ಥೆಯ ಜೊತೆ ‘ಟ್ರಿಪಲ್ ವಿನ್’ ಒಪ್ಪಂದಕ್ಕೆ ಸಹಿ ಹಾಕಿತು; ಅದರಲ್ಲಿ ನರ್ಸಿನಿಂದ ನೇಮಕಾತಿ ಶುಲ್ಕ ತೆಗೆದುಕೊಳ್ಳುವುದಿಲ್ಲ. ಕಾನೂನಿನ ಪ್ರಕಾರ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ತೆರಿಗೆ, ಅಷ್ಟೆ. ಅದಕ್ಕಿಂತ ಹೆಚ್ಚು ಕೇಳಿದವನಿಗೆ ಪಾಸ್‌ಪೋರ್ಟ್ ಕೊಡಬೇಡಿ. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಅವನ ಹೆಸರು ಇದೆಯೇ ನೋಡಿ.

ಊರಿಗೂ ಬೇಕು

ಹೊರಗೆ ಹೋಗುವವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಆದರೂ ಒಂದು ವಿನಂತಿ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳ ದಾರಿ ಕಟ್ಟಾದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟು ಕೊರತೆಯಿದೆ ಎಂಬುದು ಎಲ್ಲರಿಗೂ ತಿಳಿಯಿತು. ಎಣ್ಮಕಜೆಯಂಥ ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಹಾಸಿಗೆ ಹಿಡಿದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರನ್ನು ನೋಡಿಕೊಳ್ಳುವ ತಾಯಂದಿರಿಗೆ ವಯಸ್ಸಾಗಿದೆ. 2008ರಲ್ಲಿ ಪ್ಯಾಲಿಯೇಟಿವ್ ಆರೈಕೆಯ ನೀತಿ ತಂದ ಕೇರಳದಲ್ಲಿ ಪಂಚಾಯತಿನ ನರ್ಸ್ ಇಂಥ ಮನೆಗಳಿಗೆ ಹೋಗುವ ವ್ಯವಸ್ಥೆಯಿದೆ. ಅದಕ್ಕೆ ಬೇಕಾದ ತರಬೇತಿ ತಿರುವನಂತಪುರದ ಪ್ಯಾಲಿಯಂ ಇಂಡಿಯಾದಲ್ಲಿ ಸಿಗುತ್ತದೆ. ನೋವು ಎಲ್ಲಿ, ರಾತ್ರಿ ನಿದ್ದೆ ಬಂತೇ ಎಂದು ಕನ್ನಡದಲ್ಲೋ ತುಳುವಿನಲ್ಲೋ ಕೇಳುವ ನರ್ಸ್ ಆ ಮನೆಗಳಿಗೆ ಬೇಕು. ಉಳ್ಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಓದಿದ ಗಡಿನಾಡಿನ ಮಕ್ಕಳು ವಿಮಾನ ಹತ್ತುವ ಮೊದಲು ಕೆಲವು ವರ್ಷವಾದರೂ ಈ ಕೆಲಸಕ್ಕೆ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.